ಮೌಳಂಗಿಯ ಬಿದಿರು ಮೆಳೆಗೆ

ಪ್ರೀತಿಯ ಹಳೆಯ ಮೆಳೆಯೇ,

ದಾಂಡೇಲಿ ಹತ್ತಿರದ ಮೌಳಂಗಿಯಲ್ಲಿ ಈಗ ಕಾಳಿ ಹೊಳೆಗಿಳಿದು ಮೀಯಲು ದೂರದೂರಿನವರು ಬರುತ್ತಾರೆ. ಈ ಸೀಮೆಯ ಕಾಡಿನಲ್ಲಿ ನೀನು ಎಷ್ಟು ದಟ್ಟವಾಗಿದ್ದೆ ಎಂದು ಅವರಿಗೆ ಹೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1955ರಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆ ಹುಟ್ಟಿದ್ದೇ ನಿನ್ನನ್ನು ನಂಬಿ. ಸರ್ಕಾರ ನಿನ್ನನ್ನು ಅದಕ್ಕೆ ಕೊಟ್ಟ ಬೆಲೆ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಪುಕ್ಕಟೆಯಂತೆ ಸಿಕ್ಕಿದ್ದನ್ನು ಯಾರು ಜೋಪಾನ ಮಾಡುತ್ತಾರೆ? ನಿನ್ನ ಅಳಿವು ಆ ಒಂದೂವರೆ ರೂಪಾಯಿಯಿಂದಲೇ ಶುರುವಾಯಿತೆಂದು ನನ್ನ ನಂಬಿಕೆ.

ನೀನು ಬರಿದಾಗತೊಡಗಿದಾಗ ದೂರು ಬಿದ್ದದ್ದು ದನ ಮೇಯಿಸುವ ಹಳ್ಳಿಗರ ಮೇಲೆ. 1975ರಲ್ಲಿ ಸರ್ಕಾರ ಕೇಳಿಕೊಂಡಂತೆ ವಿಜ್ಞಾನಿ ಮಾಧವ ಗಾಡ್ಗೀಳ್ ಬಿದಿರಿನ ಅಧ್ಯಯನ ಕೈಗೆತ್ತಿಕೊಂಡರು. ಬುಡದ ಮುಳ್ಳು ಸವರಿದರೆ ಮೆಳೆ ಸಲೀಸಾಗಿ ಬೆಳೆಯುತ್ತದೆಂದು ನಿನ್ನನ್ನು ಕಡಿಸುವವರು ತಿಳಿದಿದ್ದರು. ಹಳ್ಳಿಗರು ಅದನ್ನು ಒಪ್ಪಲಿಲ್ಲ. ಮಳೆಗಾಲದಲ್ಲಿ ಏಳುವ ಎಳೆ ಕಳಲೆಗೆ ಆ ಮುಳ್ಳೇ ಬೇಲಿ, ಅದು ಹೋದರೆ ದನ, ಮಂಗ, ಮುಳ್ಳುಹಂದಿ ಯಾವುದೂ ಕಳಲೆ ಉಳಿಸುವುದಿಲ್ಲ ಎಂದರು. ಗಾಡ್ಗೀಳರು ಕಾಡಿನಲ್ಲಿ ಪರೀಕ್ಷಿಸಿ ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಶಾಲೆಯ ಮೆಟ್ಟಿಲು ಹತ್ತದವರೂ ನಿನ್ನನ್ನು ಅಷ್ಟು ಚೆನ್ನಾಗಿ ಬಲ್ಲವರಾಗಿದ್ದರು. ಅವರನ್ನು ಮೊದಲೇ ಕೇಳಿದ್ದರೆ ನೀನು ಉಳಿಯುತ್ತಿದ್ದೆ. ಕಾರ್ಖಾನೆಯೇನೋ ಬೇರೆ ಕಡೆಯ ಬಿದಿರಿಗೆ, ಆಮೇಲೆ ಬೇರೆ ಮರಗಳಿಗೆ ಹೊರಳಿಕೊಂಡಿತು. ಆನೆಗೆ, ಕಾಟಿಗೆ, ಕಳಲೆಯ ಪಲ್ಯ ಉಣ್ಣುತ್ತಿದ್ದ ಮನೆಗಳಿಗೆ ಹಾಗೆ ಹೊರಳಲು ಜಾಗವಿರಲಿಲ್ಲ.

ಹಲವು ದಶಕಗಳಿಗೊಮ್ಮೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುವುದು ನಿನ್ನ ಕುಲಧರ್ಮ. ಹಾಗೆ ಸತ್ತರೂ ನೆಲದಲ್ಲಿ ಬೀಜ ಉಳಿಯುತ್ತಿತ್ತು, ಮುಂದಿನ ಮೆಳೆ ಏಳುತ್ತಿತ್ತು. ಹೂಬಿಡುವ ಮೊದಲೇ ಕಡಿದ ಮೆಳೆಗೆ ಬೀಜವೆಲ್ಲಿಯದು? ಮೊಳೆತ ಸಸಿಗಳ ಮೇಲೂ ಕಾಡ್ಗಿಚ್ಚು ಹಾಯ್ದರೆ ಅಲ್ಲಿಗೆ ಮುಗಿಯಿತು.

2006ರ ಅರಣ್ಯ ಹಕ್ಕು ಕಾಯ್ದೆ ನಿನ್ನನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿ, ನಿನ್ನ ಮೇಲಿನ ಹಕ್ಕನ್ನು ಕಾಡನ್ನೇ ನಂಬಿ ಬದುಕುವವರಿಗೆ ಕೊಟ್ಟಿದೆ. ನಿನಗೆ ಬರೆದ ಈ ಓಲೆಯನ್ನು ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡದ ಜನರೂ ಓದಲಿ. ಅವರಿಗೆ ನನ್ನ ಮಾತು ಇಷ್ಟೇ: ಗ್ರಾಮಸಭೆಯಲ್ಲಿ ಕೂತು ಸಮುದಾಯ ಹಕ್ಕಿಗೆ ಅರ್ಜಿ ಬರೆಯಿರಿ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯಿರಿ. ಅಲ್ಲಲ್ಲಿ ಉಳಿದಿರುವ ಮೆಳೆಗಳ ಬುಡದ ಮುಳ್ಳನ್ನು ದಯವಿಟ್ಟು ಸವರಬೇಡಿ, ಕಳಲೆ ಏಳುವ ತಿಂಗಳುಗಳಲ್ಲಿ ಅತ್ತ ದನ ಹೊಡೆಯಬೇಡಿ.