ಸಣ್ಣ ಅಕ್ಷರದ ಶಾಂಪೇನ್

ಶಾಂಪೇನ್ ಎಂದರೆ ನಮ್ಮ ಕಡೆಯವರಿಗೆ ಕುಡಿಯುವ ಪದಾರ್ಥಕ್ಕಿಂತ ಹೆಚ್ಚಾಗಿ ಚೆಲ್ಲುವ ಪದಾರ್ಥ. ಪಂದ್ಯ ಗೆದ್ದವರು ಒಬ್ಬರ ತಲೆಯ ಮೇಲೊಬ್ಬರು ಎರಚಿಕೊಳ್ಳುವುದನ್ನು ಟೀವಿಯಲ್ಲಿ ನೋಡಿದ್ದೇವೆ. ಹೊಸ ಹಡಗಿನ ಮೂತಿಗೆ ಬಾಟಲಿ ಒಡೆಯುವುದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಇಷ್ಟು ಧಾರಾಳವಾಗಿ ಚೆಲ್ಲುವ ಈ ವಸ್ತುವಿನ ಹಿಂದೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಒಬ್ಬ ರೈತ ಇರುತ್ತಾನೆ. ಅಂಥ ಒಬ್ಬರನ್ನು ನಾನು ಕಂಡದ್ದು 2019ರಲ್ಲಿ, ಪ್ಯಾರಿಸ್ಸಿನಲ್ಲಿರುವ ಮಗಳ ಮನೆಗೆ ಹೋದಾಗ.

ಪ್ಯಾರಿಸ್ಸಿನಿಂದ ರೈಲಿನಲ್ಲಿ ಒಂದೂಕಾಲು ಗಂಟೆ ಪೂರ್ವಕ್ಕೆ ಹೋದರೆ ಎಪೆರ್ನೇ ಎಂಬ ಊರು. ಅಲ್ಲಿ ಒಂದು ಬೀದಿಗೆ ಶಾಂಪೇನ್ ಅವೆನ್ಯೂ ಎಂದೇ ಹೆಸರು. ಎರಡೂ ಬದಿಗೆ ಅರಮನೆಯಂಥ ಕಟ್ಟಡಗಳು. ನೆಲದಡಿ ಸೀಮೆಸುಣ್ಣದಂಥ ಬಿಳಿ ಕಲ್ಲಿನಲ್ಲಿ ಕೊರೆದ ಮೈಲಿಗಟ್ಟಲೆ ಉಗ್ರಾಣ. ಈ ಕಂಪನಿಗಳನ್ನು ಅಲ್ಲಿಯವರು ‘ಮನೆ’ಗಳು ಎನ್ನುತ್ತಾರೆ. ಲೋಕಕ್ಕೆ ಗೊತ್ತಿರುವ ಹೆಸರುಗಳೆಲ್ಲ ಬಹುಮಟ್ಟಿಗೆ ಈ ಮನೆಗಳವು. ಆದರೆ ಊರ ಹೊರಗಿನ ಗುಡ್ಡಗಳ ಲೆಕ್ಕವೇ ಬೇರೆ. ಸುಮಾರು 34,000 ಹೆಕ್ಟೇರ್ ದ್ರಾಕ್ಷಿ ತೋಟದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳೆಗಾರರದು. ಮಾರಾಟವಾಗುವ ಬಾಟಲಿಗಳಲ್ಲಿ ಹತ್ತಕ್ಕೆ ಏಳಾದರೂ ಮನೆಗಳವು. ಹಣ್ಣು ಒಬ್ಬನದು, ಹೆಸರು ಇನ್ನೊಬ್ಬನದು.

ಈ ಮಾತು ನನಗೆ ಹೊಸದಲ್ಲ. ನನ್ನ ತಂದೆ ಮೂಡಿಗೆರೆ ಕಡೆ ಎಂಟೆಕರೆಯಲ್ಲಿ ಕಾಫಿ ಬೆಳೆದವರು. ಅಂದಿನ ಕಾಯಿದೆಯಂತೆ ಬೆಳೆಯೆಲ್ಲ ಪೂಲಿಗೆ ಹೋಗುತ್ತಿತ್ತು. ಅದರಿಂದ ಸಣ್ಣವರಿಗೆ ಒಂದು ಭದ್ರತೆಯೂ ಇತ್ತೆನ್ನಿ. ಅಪ್ಪ ಅದನ್ನು ಮರೆಯುತ್ತಿರಲಿಲ್ಲ. ಆದರೂ ಚೀಲ ಹೊಲಿಸಿ ಲಾರಿಗೆ ಹೇರಿದ ಸಂಜೆ, “ನಮ್ಮ ಕಾಫಿ ಯಾರು ಕುಡೀತಾರೋ ಮಾರಾಯ” ಎನ್ನುತ್ತಿದ್ದರು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಗುವ ಹೊತ್ತಿಗೆ ಅಪ್ಪ ಇರಲಿಲ್ಲ.

ಶಾಂಪೇನಿನ ರೈತರು ಮಾತ್ರ ಸುಮ್ಮನೆ ಕೂತವರಲ್ಲ. ಹೊರಗಿನ ಅಗ್ಗದ ದ್ರಾಕ್ಷಿ ತರಿಸಿ ತಮ್ಮ ಸೀಮೆಯ ಹೆಸರಿನಲ್ಲಿ ಮಾರುತ್ತಾರೆಂದು 1911ರಲ್ಲಿ ದಂಗೆಯೆದ್ದರು. ಉಗ್ರಾಣಗಳಿಗೆ ನುಗ್ಗಿದರು, ವೈನು ಬೀದಿಯಲ್ಲಿ ಹರಿಯಿತು, ಸೈನ್ಯ ಬಂತು. ಆಮೇಲಿನ ದಶಕಗಳಲ್ಲಿ ಕೆಲವರು ಹಣ್ಣು ಮಾರುವುದನ್ನು ಬಿಟ್ಟು, ತಾವೇ ಬಾಟಲಿ ತುಂಬಿ ತಮ್ಮ ಹೆಸರನ್ನೇ ಅಂಟಿಸತೊಡಗಿದರು.

ಅಂಥವರ ಬಾಟಲಿಯನ್ನು ಗುರುತಿಸುವುದು ಸುಲಭ, ಕನ್ನಡಕ ಬೇಕು ಅಷ್ಟೆ. ಚೀಟಿಯ ಮೂಲೆಯಲ್ಲಿ ಇರುವೆಯಂಥ ಎರಡು ಅಕ್ಷರ ಇರುತ್ತವೆ. ‘ಎನ್.ಎಂ.’ ಎಂದಿದ್ದರೆ ಹಣ್ಣು ಕೊಂಡು ಮಾಡುವ ವ್ಯಾಪಾರಿಯದು. ‘ಆರ್.ಎಂ.’ ಎಂದಿದ್ದರೆ ಬೆಳೆದವನೇ ಮಾಡಿದ್ದು. ‘ಸಿ.ಎಂ.’ ಎಂದರೆ ಸಹಕಾರ ಸಂಘದ್ದು. ದೊಡ್ಡ ಅಕ್ಷರ ಜಾಹೀರಾತಿಗೆ, ಸಣ್ಣ ಅಕ್ಷರ ಸತ್ಯಕ್ಕೆ.

ಎಪೆರ್ನೇಯ ದಕ್ಷಿಣದ ಒಂದು ಹಳ್ಳಿಯಲ್ಲಿ ಮಗಳು ನನ್ನನ್ನು ಆರ್.ಎಂ. ಒಬ್ಬರ ಅಂಗಳಕ್ಕೆ ಕರೆದುಕೊಂಡು ಹೋದಳು. ಐವತ್ತರ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಪೈಪಿನಲ್ಲಿ ನೆಲ ತೊಳೆಯುತ್ತಿದ್ದರು. ಐದು ಹೆಕ್ಟೇರ್ ತೋಟ. ಒಮ್ಮೆ ಹುಳಿಸಿದ ವೈನಿಗೆ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿಯಲ್ಲೇ ಮತ್ತೊಮ್ಮೆ ಹುಳಿಯಲು ಬಿಡುತ್ತಾರೆ. ಹೊರಹೋಗಲಾರದ ಅನಿಲವೇ ಆ ಗುಳ್ಳೆ. ಒಳಗಿನ ಒತ್ತಡ ಕಾರಿನ ಟಯರಿನ ಎರಡೂವರೆ ಪಟ್ಟು. ಕಾಯಿದೆ ಹೇಳುವುದು ಕನಿಷ್ಠ 15 ತಿಂಗಳು. ಈಕೆ ಮೂರು ವರ್ಷ ಇಡುತ್ತಾರೆ. ರುಚಿಯನ್ನು ಹೇಗೆ ಹೇಳಲಿ? ಹಸಿರು ಸೇಬಿನ ಹುಳಿ, ಆಮೇಲೆ ಬಿಸಿ ಬ್ರೆಡ್ಡಿನ ವಾಸನೆ, ಕೊನೆಗೆ ಸ್ಲೇಟು ನೆಕ್ಕಿದಂಥ ಒಂದು ಒಗರು. ಬೆಲೆ 22 ಯೂರೋ. ಬೀದಿಯ ಅರಮನೆಗಳಲ್ಲಿ ನಾನು ನೋಡಿದ್ದು 45.

“ಪೂರ್ತಿ ನೀವೇ ಏಕೆ ತುಂಬುವುದಿಲ್ಲ?” ಎಂದು ಕೇಳಿದೆ. ಅರ್ಧ ಹಣ್ಣನ್ನು ಈಗಲೂ ಮನೆಯೊಂದಕ್ಕೆ ಮಾರುತ್ತಾರಂತೆ. “ಆ ದುಡ್ಡು ಬೇಗ ಬರುತ್ತದೆ. ಬಾಟಲಿಯ ದುಡ್ಡಿಗೆ ಮೂರು ವರ್ಷ ಕಾಯಬೇಕು. ಬ್ಯಾಂಕಿನವರು ಕಾಯುವುದಿಲ್ಲ” ಎಂದರು. ಮಗಳು ಅನುವಾದಿಸುವ ಮುಂಚೆಯೇ ನನಗೆ ಅರ್ಥವಾಗಿತ್ತು.

ಇನ್ನೂ ಕಡಿಮೆ ಬೆಲೆಗೆ ಬೇಕೆನ್ನುವವರಿಗೆ ‘ಕ್ರೆಮಾಂ’ ಇದೆ. ಆಲ್ಸಾಸ್, ಲ್ವಾರ್, ಬರ್ಗಂಡಿ, ಲಿಮೂ ಸೀಮೆಗಳಲ್ಲಿ ಅದೇ ಕ್ರಮದಲ್ಲಿ ಮಾಡುತ್ತಾರೆ. ಹತ್ತು ಹನ್ನೆರಡು ಯೂರೋಗೆ ನಾವು ಕೊಂಡೆವು. ಕೆಲವು ಬಾಟಲಿಗಳ ಮೇಲೆ ಪೀಪಾಯಿ ಹೊತ್ತ ಮನುಷ್ಯನ ಪುಟ್ಟ ಚಿತ್ರ ಇರುತ್ತದೆ: ಸ್ವತಂತ್ರ ಬೆಳೆಗಾರರ ಸಂಘದ ಗುರುತು.

ಸಣ್ಣವರದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ, ಸಪ್ಪೆಯಾದವನ್ನೂ ಕುಡಿದಿದ್ದೇನೆ. ಆದರೆ ಅವರ ಕಷ್ಟ ಬೇರೆ. 2021ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟಿತು. ಬಳಿಕ ಮಳೆ, ಬೂಷ್ಟು ರೋಗ. ಮನೆಗಳಿಗೆ ಹಲವು ಹಳ್ಳಿಗಳ ಹಣ್ಣು, ಹಳೆಯ ವೈನಿನ ದೊಡ್ಡ ದಾಸ್ತಾನು. ಆ ಹೆಂಗಸಿಗೆ ಇರುವುದು ಒಂದೇ ಗುಡ್ಡ. ಬಾಟಲಿಗೆ ತನ್ನ ಹೆಸರು ಹಾಕಿಕೊಂಡವರು ನಷ್ಟಕ್ಕೂ ತಮ್ಮ ಹೆಸರನ್ನೇ ಹಾಕಿಕೊಳ್ಳಬೇಕು. ಇದು ತಿಳಿದ ಮೇಲೆ 22 ಯೂರೋವನ್ನು ಅಗ್ಗ ಎನ್ನಲು ನನಗೆ ಬಾಯಿ ಬರುವುದಿಲ್ಲ. ನ್ಯಾಯವಾದ ಬೆಲೆ ಎನ್ನುತ್ತೇನೆ.