ಎಡಗಡೆ ಕಡಲು

ನಮ್ಮ ಕಡೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರು ಇವತ್ತು ಆಟ ಎಲ್ಲಿ ಎಂದು ವಿಚಾರಿಸಿಕೊಂಡು ರಾತ್ರಿಯಿಡೀ ಚೆಂಡೆಯ ಬೆನ್ನು ಹಿಡಿಯುತ್ತಾರೆ. ಕೆಲವರು ಕಂಬಳದ ಗದ್ದೆಯ ಬದುವಿನಲ್ಲಿ ನಿಂತು ಬಿಸಿಲು ತಿನ್ನುತ್ತಾರೆ. ನನ್ನದು ಅಷ್ಟು ಗೌರವದ ಹುಚ್ಚಲ್ಲ. ಸಂಜೆ ನಾಲ್ಕರ ಹೊತ್ತಿಗೆ ಉಡುಪಿಯ ಮನೆಯಿಂದ ಹಳೆಯ ಕಾರು ಹೊರಡಿಸಿ, ಹೆದ್ದಾರಿ ಹಿಡಿದು ಬಡಗಿಗೆ ಹೋಗುವುದು, ಎಲ್ಲಾದರೊಂದು ಕಡೆ ಸೂರ್ಯ ಮುಳುಗುವುದನ್ನು ನೋಡುವುದು, ಕತ್ತಲಲ್ಲಿ ಹಿಂದಿರುಗುವುದು. ಅಷ್ಟೇ. ಮಲ್ಪೆಯಲ್ಲಿ ಮುಳುಗುವುದೂ ಅದೇ ಸೂರ್ಯನಲ್ಲವೇ, ಆರು ಕಿಲೋಮೀಟರಿನಲ್ಲಿ ಮುಗಿಯುವ ಕೆಲಸಕ್ಕೆ ಬೈಂದೂರಿನವರೆಗೆ ಪೆಟ್ರೋಲು ಸುಡುವುದೇಕೆ ಎಂಬುದು ನನ್ನಾಕೆಯ ಹಳೆಯ ತಕರಾರು. ತಕರಾರು ಮಾಡುತ್ತಲೇ ಅವಳು ಫ್ಲಾಸ್ಕಿಗೆ ಚಹಾ ತುಂಬುತ್ತಾಳೆ, ಡಬ್ಬಿಗೆ ಚಕ್ಕುಲಿ ಹಾಕುತ್ತಾಳೆ, ನನಗಿಂತ ಮೊದಲು ಕಾರಿನಲ್ಲಿ ಕೂತಿರುತ್ತಾಳೆ.

ಈ ಹುಚ್ಚಿಗೂ ಒಂದು ಶಾಸ್ತ್ರವುಂಟು. ಮೊದಲನೆಯ ಸೂತ್ರ: ಸಂಜೆ ಹೋಗುವುದಿದ್ದರೆ ಬಡಗಿಗೇ ಹೋಗಬೇಕು. ನಮ್ಮ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಎಡಕ್ಕೆ. ಬಡಗಿಗೆ ಮುಖ ಮಾಡಿದರೆ ಕಡಲೂ ಎಡಕ್ಕೆ. ಮನಸ್ಸು ಬಂದಲ್ಲಿ ಇಂಡಿಕೇಟರ್ ಹಾಕಿ ಬದಿಗೆ ಸರಿದರಾಯಿತು, ದಂಡೆ ಸಿಕ್ಕಿತು. ತೆಂಕಿಗೆ ಹೊರಟವರ ಪಾಡು ಬೇರೆ. ನಡುವೆ ಡಿವೈಡರು, ಆಚೆ ಎದುರಿನಿಂದ ಬರುವ ಲಾರಿ ಬಸ್ಸುಗಳ ಸಾಲು, ಅದರಾಚೆ ಕಡಲು. ತಿರುವು ಹುಡುಕಿ ಸುತ್ತಿ ಬರುವಷ್ಟರಲ್ಲಿ ಸೂರ್ಯನಿಗೆ ಕಾಯುವ ತಾಳ್ಮೆ ಇರುವುದಿಲ್ಲ.

ಈ ಸೂತ್ರ ಕಂಡುಕೊಂಡೆನೆಂದು ಬೀಗುತ್ತಿದ್ದ ನಾನು ಅದರಲ್ಲೇ ಒಂದು ಮೋಸವಿರುವುದನ್ನು ತಡವಾಗಿ ಗಮನಿಸಿದೆ. ಕಡಲು ಎಡಕ್ಕಾದರೆ ಸ್ಟಿಯರಿಂಗು ಬಲಕ್ಕೆ. ಅಂದರೆ ಕಿಟಕಿಯ ತುಂಬ ಕಡಲಿರುವುದು ಅವಳಿಗೆ. ನನ್ನ ಕಿಟಕಿಗೆ ಡಿವೈಡರಿನ ಕಣಗಿಲೆ ಗಿಡಗಳು. ಒಮ್ಮೆ ಕತ್ತು ಉದ್ದ ಮಾಡಿ ಅತ್ತ ಇಣುಕಿದ್ದಕ್ಕೆ ಕಾರು ಸ್ವಲ್ಪ ಓಲಾಡಿತು. ಅವಳು ಅಂದೇ ತೀರ್ಪು ಕೊಟ್ಟಳು: "ನೀವು ರಸ್ತೆ ನೋಡಿ. ಕಡಲು ನಾನು ನೋಡ್ತೇನೆ." ಅಂದಿನಿಂದ ನನ್ನ ಪಾಲಿಗೆ ಬಂದದ್ದು ಕೇಳಿದ ಕಡಲು. ರೇಡಿಯೋದಲ್ಲಿ ಕ್ರಿಕೆಟ್ ಕೇಳಿದ ಹಾಗೆ. "ಈಗ ಮೋಡದ ಹಿಂದೆ ಹೋಯಿತು... ಅಂಚು ಮಾತ್ರ ಕಾಣ್ತದೆ... ಎರಡು ದೋಣಿ ಒಳಗೆ ಬರ್ತಾ ಉಂಟು... ಅಯ್ಯೋ, ಹೋಟೆಲಿನ ಬೋರ್ಡು ಅಡ್ಡ ಬಂತು!"

ಈ ಹೆದ್ದಾರಿಯ ಸರ್ಕಾರಿ ಹೆಸರು ರಾಷ್ಟ್ರೀಯ ಹೆದ್ದಾರಿ 66. ಹಳಬರ ಬಾಯಲ್ಲಿ ಇನ್ನೂ ಹದಿನೇಳೇ. ಮಹಾರಾಷ್ಟ್ರದ ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ದಾರಿ ಇದು, ನಮ್ಮ ಕರಾವಳಿಯನ್ನು ಉದ್ದಕ್ಕೆ ಸೀಳಿ ಹೋಗುತ್ತದೆ. ಕರಾವಳಿಯ ಹೆದ್ದಾರಿ ಎಂದೊಡನೆ ಉದ್ದಕ್ಕೂ ಕಡಲು ಕಾಣುತ್ತದೆಂದು ಘಟ್ಟದ ಮೇಲಿನ ನೆಂಟರು ನಂಬಿರುತ್ತಾರೆ. ಅವರನ್ನು ಕೂರಿಸಿಕೊಂಡು ಹೊರಟರೆ ಬ್ರಹ್ಮಾವರ ಬಂತು, ಸಾಲಿಗ್ರಾಮ ಬಂತು, ಕೋಟ ಬಂತು, ಕಡಲೆಲ್ಲಿ ಎಂದು ಕೇಳುತ್ತಲೇ ಇರುತ್ತಾರೆ. ಕಡಲು ಅಲ್ಲೇ ಇದೆ. ತೋಟದಾಚೆ, ಮನೆಗಳಾಚೆ, ಕೆಲವೇ ಕಿಲೋಮೀಟರಿನ ಒಳಗೆ. ಹೆದ್ದಾರಿ ನಮ್ಮನ್ನು ಕಡಲಿನ ಊರುಗಳ ಬಾಗಿಲವರೆಗೆ ಬಿಡುತ್ತದೆ, ಒಳಗೆ ಕರೆದೊಯ್ಯುವುದು ಪಡುವಣಕ್ಕೆ ತಿರುಗುವ ಕಿರುದಾರಿಗಳು.

ಪಡು ಎಂದರೆ ಪಶ್ಚಿಮ ಎಂದು ಶಾಲೆಯಲ್ಲಿ ಕಲಿತೆವು. ಆದರೆ ಹಳೆಯ ಕನ್ನಡದಲ್ಲಿ ಪಡು ಎಂದರೆ ಬೀಳು, ಮುಳುಗು ಎಂದೂ ಅರ್ಥ. ಮೂಡುವ ಕಡೆ ಮೂಡು, ಮುಳುಗುವ ಕಡೆ ಪಡು. ಮೂಡುಬಿದಿರೆಗೆ ಎದುರಾಗಿ ಪಡುಬಿದ್ರಿ ಇರುವುದು ಹಾಗೆ. ಪಡುಕೋಣೆ, ಪಡುವರಿ ಎಂಬ ಊರುಗಳೂ ಈ ದಾರಿಯ ಆಸುಪಾಸಿನಲ್ಲೇ ಇವೆ. ದಿಕ್ಕಿಗೆ ಹೆಸರಿಡುವಾಗಲೇ ನಮ್ಮವರು ಸೂರ್ಯಾಸ್ತ ನೋಡುತ್ತ ನಿಂತಿದ್ದರು ಎಂದಮೇಲೆ, ನನ್ನೊಬ್ಬನನ್ನು ಹುಚ್ಚನೆನ್ನುವುದು ಅನ್ಯಾಯ.

ಕುಂದಾಪುರ ದಾಟಿ ತ್ರಾಸಿ ಬಂತೆಂದರೆ ಅಷ್ಟು ಹೊತ್ತು ಕಣ್ಣುಮುಚ್ಚಾಲೆ ಆಡಿದ ಕಡಲು ಒಮ್ಮೆಗೇ ರಸ್ತೆಯ ಪಕ್ಕಕ್ಕೆ ಬಂದು ಕೂರುತ್ತದೆ. ಮುಂದೆ ಮರವಂತೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವಿನ ಪಟ್ಟಿಯಲ್ಲಿ ಹೆದ್ದಾರಿ. ಇಲ್ಲಿ ಮಾತ್ರ ನನಗೂ ಅವಳಿಗೂ ಸಮಪಾಲು. ಅವಳಿಗೆ ಕಡಲು, ನನಗೆ ಹೊಳೆ. ಅವಳ ಕಡೆ ಉಪ್ಪುನೀರು ಬಂಡೆಗಲ್ಲಿಗೆ ಬಡಿದು ಗಾಜಿನ ಮೇಲೆ ಸಿಂಪಡಿಸಿದರೆ, ನನ್ನ ಕಡೆ ಹೊಳೆ ಅಲುಗಾಡದೆ ತೆಂಗಿನ ಮರಗಳನ್ನು ತಲೆಕೆಳಗಾಗಿ ಹಿಡಿದುಕೊಂಡಿರುತ್ತದೆ. ಮೂಡಣದ ಮೋಡ ಸರಿದರೆ ದೂರದಲ್ಲಿ ಕೊಡಚಾದ್ರಿ.

ಆ ಕೊಡಚಾದ್ರಿಯ ಮಗಳೇ ಈ ಹೊಳೆ. ಗುಡ್ಡದಿಂದಿಳಿದು, ಕೊಲ್ಲೂರಿನಲ್ಲಿ ಭಕ್ತರ ಕಾಲು ತೊಳೆದು, ಮರವಂತೆಯಲ್ಲಿ ಕಡಲಿನ ಹೊಸ್ತಿಲವರೆಗೆ ಬರುತ್ತದೆ. ಇನ್ನೊಂದು ಹೆಜ್ಜೆ ಹಾಕಿದ್ದರೆ ಸೇರಿಬಿಡಬಹುದಿತ್ತು. ಹಾಗೆ ಮಾಡದೆ ತೆಂಕಿಗೆ ತಿರುಗಿ, ಗಂಗೊಳ್ಳಿಯವರೆಗೆ ಹೋಗಿ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಅಳಿವೆಯಲ್ಲಿ ಕಡಲು ಸೇರುತ್ತದೆ. ಆರು ಕಿಲೋಮೀಟರಿನ ಮಲ್ಪೆ ಬಿಟ್ಟು ಬೈಂದೂರಿಗೆ ಹೋಗುವವನಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕೆ? ಹಾಗೆಂದು ಒಮ್ಮೆ ಹೇಳಿ ನೋಡಿದೆ. "ಹೊಳೆಗೆ ಪೆಟ್ರೋಲು ಖರ್ಚಿಲ್ಲ" ಎಂದಳು.

ಎರಡನೆಯ ಸೂತ್ರ ಸೂರ್ಯನ ಜಾಗಕ್ಕೆ ಸಂಬಂಧಿಸಿದ್ದು. ಅವನು ದಿನವೂ ಒಂದೇ ಕಡೆ ಮುಳುಗುವವನಲ್ಲ. ಡಿಸೆಂಬರಿನಲ್ಲಿ ನೈಋತ್ಯದ ಕಡೆಗೆ ವಾಲಿರುತ್ತಾನೆ, ಜೂನಿನಲ್ಲಿ ವಾಯವ್ಯದ ಕಡೆಗೆ. ನಮ್ಮ ಅಕ್ಷಾಂಶದಲ್ಲಿ ಈ ಎರಡು ತುದಿಗಳ ನಡುವಿನ ಅಂತರ ಹೆಚ್ಚುಕಡಿಮೆ 48 ಡಿಗ್ರಿ. ಆದ್ದರಿಂದ ಚಳಿಗಾಲದಲ್ಲಿ ಬಡಗಿಗೆ ಹೋಗುವ ಕಾರಿಗೆ ಸೂರ್ಯ ನೇರ ಎಡಕಿಟಕಿಯಲ್ಲಿ ಮುಳುಗುತ್ತಾನೆ, ಪೂರ್ತಿ ಅವಳ ಸ್ವತ್ತು. ಬೇಸಿಗೆ ಏರಿದಂತೆ ಮುಂದೆ ಮುಂದೆ ಸರಿದು, ಮೇ ತಿಂಗಳಿಗೆ ಮುಂಗಾಜಿನ ಎಡಮೂಲೆಗೆ ಬರುತ್ತಾನೆ. ಆಗ ರಸ್ತೆಯನ್ನೇ ನೋಡುತ್ತ ಸೂರ್ಯನನ್ನೂ ನೋಡಬಹುದು, ತೀರ್ಪು ಮುರಿದಂತಾಗುವುದಿಲ್ಲ. ಆದರೆ ನನಗೆ ಪಾಲು ಸಿಗುವ ಹೊತ್ತಿಗೆ ಸರಿಯಾಗಿ ಮುಂಗಾರಿನ ಮೋಡ ಬಂದು ಪರದೆ ಎಳೆಯುತ್ತದೆ. ಆಮೇಲೆ ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ನನ್ನ ಕಾರಿಗೂ ರಜೆ.

ಮೂರನೆಯ ಸೂತ್ರವನ್ನು ನಾವುಂದ ದಾಟಿದ ಮೇಲೆ ಒಂದು ಕಿರುದಾರಿಯಲ್ಲಿ ಕಲಿತೆ: ಡಾಂಬರು ಮುಗಿದಲ್ಲಿ ಕಾರು ನಿಲ್ಲಬೇಕು. ಅಂದು ಇನ್ನೂ ನಾಲ್ಕು ಮಾರು ಮುಂದೆ ಹೋಗೋಣವೆಂದು ಹೊಯ್ಗೆಗೆ ಇಳಿಸಿದೆ. ಚಕ್ರ ತಿರುಗಿದಷ್ಟೂ ಹೂತುಕೊಂಡಿತು. ಸೂರ್ಯ ಮುಳುಗುವುದನ್ನು ನೋಡಲು ಬಂದವನು ಕಾರು ಮುಳುಗುವುದನ್ನು ನೋಡುತ್ತ ನಿಂತೆ. ಕೈರಂಪಣಿ ಬಲೆ ಎಳೆದು ಮುಗಿಸಿ ಕೂತಿದ್ದ ಐದಾರು ಮಂದಿ ಎದ್ದು ಬಂದರು. "ಹ್ವಾಯ್, ಇದ್ ಕಾರಾ, ದೋಣಿಯಾ?" ಎಂದ ಹಿರಿಯರೊಬ್ಬರು ಚಕ್ರದಡಿಯ ಮರಳನ್ನು ಕೈಯಿಂದಲೇ ಬಗೆದು, ತೆಂಗಿನ ಮಡಲು ತಂದು ಹಾಸಿದರು. "ನೀವ್ ಒಳ್ಗೆ ಕೂಕಣಿ. ದೋಣಿ ದೂಡಿ ನಮ್ಗ್ ಅಭ್ಯಾಸ ಇತ್ತ್." ಏಲೇಸಾ ಹಾಕಿ ದೂಡಿದ ರಭಸಕ್ಕೆ ಕಾರು ಡಾಂಬರಿಗೆ ಹಾರಿ ನಿಂತಿತು. ಚಹಾಕ್ಕೆಂದು ಕೊಡಹೋದ ದುಡ್ಡು ಮುಟ್ಟಲಿಲ್ಲ. ಡಬ್ಬಿಯ ಚಕ್ಕುಲಿ ಮಾತ್ರ ಖಾಲಿಯಾಯಿತು. ಆ ಗಲಾಟೆಯಲ್ಲಿ ಅಂದಿನ ಸೂರ್ಯನನ್ನು ಯಾರೂ ನೋಡಲಿಲ್ಲ. ಅವರಿಗೆ ಅದೊಂದು ನಷ್ಟವೆಂದೂ ಅನ್ನಿಸಿರಲಿಲ್ಲ.

ನಮ್ಮ ಮಾಮೂಲು ಓಟದ ಕೊನೆಯ ಠಾಣ್ಯ ಬೈಂದೂರು. ಅಲ್ಲಿ ಒಂದೇ ಸಂಜೆಗೆ ಎರಡು ನೋಟ. ಕೆಳಗೆ ಪಡುವರಿಯ ಸೋಮೇಶ್ವರ ದಂಡೆ, ಮೇಲೆ ಒತ್ತಿನೆಣೆಯ ಗುಡ್ಡ. ಕೆಳಗೆ ನಿಂತರೆ ಕಡಲು ಒಂದು ಗೆರೆ, ಮೇಲೆ ನಿಂತರೆ ಅದೊಂದು ಬಯಲು. ಸೂರ್ಯನ ಬಿಂಬ ನೀರಿಗೆ ತಾಗಿದ ಮೇಲೆ ಪೂರ್ತಿ ಮರೆಯಾಗಲು ನಮ್ಮಲ್ಲಿ ಎರಡೂಕಾಲು ನಿಮಿಷದ ಆಸುಪಾಸು ಸಾಕು. ಅದರಲ್ಲೂ ಒಂದು ಮಾಯೆ. ನೀರಿಗೆ ತಾಗಿದಂತೆ ನಾವು ಕಾಣುವ ಆ ಬಿಂಬ ಲೆಕ್ಕದ ಪ್ರಕಾರ ಆಗಲೇ ದಿಗಂತದ ಕೆಳಗಿರುತ್ತದೆ. ಗಾಳಿಯ ಪದರಗಳಲ್ಲಿ ಬೆಳಕು ಬಾಗಿ ಬರುವುದರಿಂದ ಇನ್ನೂ ಇದ್ದಾನೆಂದು ನಮಗೆ ತೋರುತ್ತದೆ. ತಳಭಾಗವನ್ನು ಗಾಳಿ ಹೆಚ್ಚು ಎತ್ತುವುದರಿಂದಲೇ ಆ ಹೊತ್ತಿನ ಸೂರ್ಯ ಯಾರೋ ಮೇಲಿನಿಂದ ಒತ್ತಿದ ಕಡುಬಿನಂತೆ ಚಪ್ಪಟೆ.

ಎತ್ತರ ಹೆಚ್ಚಿದಷ್ಟೂ ದಿಗಂತ ದೂರ ಸರಿಯುತ್ತದೆ. ಹಾಗಾಗಿ ದಂಡೆಯವರಿಗೆ ಮುಳುಗಿದ ಸೂರ್ಯ ಗುಡ್ಡದವರಿಗೆ ಇನ್ನೂ ಕೆಲವು ಕ್ಷಣ ಉಳಿದಿರುತ್ತಾನೆ. ಗುಡ್ಡ ಬೇಕೆಂದೇ ಇಲ್ಲ. ಹೊಯ್ಗೆಯ ಮೇಲೆ ಮಲಗಿ ಕೊನೆಯ ಚೂರು ಮರೆಯಾಗುವುದನ್ನು ನೋಡಿ, ತಟ್ಟನೆ ಎದ್ದು ನಿಂತರೆ ಆ ಚೂರು ಮತ್ತೆ ಕಾಣಿಸಿ ಇನ್ನೊಮ್ಮೆ ಮುಳುಗುತ್ತದೆ. ಐದು ಸೆಕೆಂಡಿನ ಲಾಭ. ಚಿಕ್ಕಂದಿನಲ್ಲಿ ಆಡಿದ ಈ ಆಟವನ್ನು ನಾವಿಬ್ಬರೂ ಈಚೆಗೆ ಮತ್ತೆ ಆಡಿ ನೋಡಿದೆವು. ಮೊಣಕಾಲು ಹಿಡಿದುಕೊಂಡು ಏಳುವಷ್ಟರಲ್ಲಿ ಎರಡನೆಯ ಸೂರ್ಯನೂ ಹೋಗಿದ್ದ.

ರಜೆ ಇದ್ದಾಗ ದಾರಿಯನ್ನು ಉದ್ದ ಮಾಡುವುದುಂಟು. ಭಟ್ಕಳ, 123 ಅಡಿಯ ಶಿವ ಕಡಲಿನ ಬದಿಗೆ ಕೂತ ಮುರುಡೇಶ್ವರ, ಜಲಪಾತವೂ ಕಡಲೂ ಒಂದೇ ಗುಡ್ಡದಲ್ಲಿ ದೊರಕುವ ಅಪ್ಸರಕೊಂಡ, ಹೊನ್ನಾವರದಲ್ಲಿ ಶರಾವತಿಯ ಉದ್ದನೆಯ ಸೇತುವೆ, ಗೋಕರ್ಣದ ಕುಡ್ಲೆ ಮತ್ತು ಓಂ ದಂಡೆಗಳು, ಕೊನೆಗೆ ಕಾರವಾರ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಇಪ್ಪತ್ತರ ಹರೆಯದ ರವೀಂದ್ರನಾಥ ಟಾಗೋರ್ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಅಲ್ಲಿಯೇ. ಅವರ ಹೆಸರಿನ ದಂಡೆಯಲ್ಲಿ ನಾನೂ ಎರಡು ಸಂಜೆ ಕೂತು ಬಂದಿದ್ದೇನೆ. ಬರೆದದ್ದು ಪೆಟ್ರೋಲಿನ ಲೆಕ್ಕ ಮಾತ್ರ.

ದಾರಿ ಅಗಲವಾಗಲು ಗುಡ್ಡಗಳನ್ನು ಕಡಿದಿದ್ದಾರೆ. ಒತ್ತಿನೆಣೆಯಲ್ಲಿ ಕಡಿದ ಗುಡ್ಡದ ಕೆಂಪು ಮೈ ಇಂದಿಗೂ ಕಾಣುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನು ಮುಚ್ಚಿ, ಬದಿಯ ಚಹಾದಂಗಡಿಯನ್ನು ಗಂಗಾವಳಿ ಹೊಳೆಗೆ ನೂಕಿತು, ಜೀವಗಳು ಹೋದವು. ಚಹಾ ಕುಡಿಯಲು ಗಾಡಿ ನಿಲ್ಲಿಸುವುದೇ ಕಸುಬಾದ ನನ್ನಂಥವನಿಗೆ ಆ ಸುದ್ದಿ ಬಹಳ ದಿನ ಗಂಟಲಲ್ಲಿ ಉಳಿಯಿತು. ಈಗ ಕಡಿದ ಗುಡ್ಡದ ಬುಡದಲ್ಲಿ ನಾವು ನಿಲ್ಲುವುದಿಲ್ಲ, ನೋಟ ಎಷ್ಟೇ ಚೆನ್ನಾಗಿರಲಿ.

ಇನ್ನು ಹಿಂದಿರುಗುವ ದಾರಿ. ಒತ್ತಿನೆಣೆಯಿಂದಿಳಿದು ಕಾರು ತೆಂಕಿಗೆ ತಿರುಗಿದರೆ ಎಡಬಲಗಳು ಅದಲುಬದಲು. ಹೊಳೆ ಅವಳ ಕಡೆಗೆ ಹೋಗುತ್ತದೆ, ಕಡಲು ನನ್ನ ಕಡೆಗೆ ಬರುತ್ತದೆ. ಇಡೀ ಸಂಜೆ ಕಾದ ಪಾಲು ಕೈಗೆ ಬರುವಾಗ ಪೂರ್ತಿ ಕತ್ತಲು. ಮೊದಮೊದಲು ಇದೊಂದು ಕುಹಕವೆಂದೇ ಅಂದುಕೊಂಡಿದ್ದೆ.

ಮೊನ್ನೆ ಮರವಂತೆಗೆ ಬರುವಾಗ ಎಂಟು ಗಂಟೆ ದಾಟಿತ್ತು. ಅಪರೂಪಕ್ಕೆ ಆಚೀಚೆ ಗಾಡಿಗಳಿರಲಿಲ್ಲ. ಹೊಳೆಯ ಬದಿಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ನನ್ನ ಕಿಟಕಿಯ ಗಾಜು ಇಳಿಸಿದೆ. ಕಾಣಲು ಏನೂ ಇರಲಿಲ್ಲ. ದೂರದಲ್ಲಿ ಮೀನುದೋಣಿಗಳ ನಾಲ್ಕು ದೀಪ, ಅಷ್ಟೇ. ಆದರೆ ರಸ್ತೆಯಾಚೆ ತೆರೆ ಏಳುವುದು, ಒಂದು ಕ್ಷಣ ತಡೆಯುವುದು, ಕಲ್ಲಿಗೆ ಬಡಿದು ಸರ್ರನೆ ಹಿಂದೆ ಜಾರುವುದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಹೋಗುವಾಗ ಅವಳ ಬಾಯಿಂದ ಕೇಳಿದ ಕಡಲು, ಬರುವಾಗ ತನ್ನ ಬಾಯಿಂದಲೇ ಹೇಳುತ್ತಿತ್ತು.

"ಏನು ಕಾಣ್ತದೆ?" ಎಂದು ಅವಳು ಕೇಳಿದಳು.

"ಒಂದು ತೆರೆ ಈಗಷ್ಟೇ ಎದ್ದಿತು" ಎಂದೆ. "ತಡಿ, ಬೀಳ್ತದೆ... ಬಿತ್ತು."

ಅವಳು ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಎರಡು ಪಾಲು ಮಾಡಿ, "ಮುಂದೆ ಹೇಳಿ" ಎಂದಳು.