ಭಾಗ 6: ಕೊನೆಯ ಬೈಕ್

ಅಕ್ಟೋಬರ್ 21ಕ್ಕೆ ಹಲಸೂರು ಕೆರೆಯಿಂದ ಕೆ.ಆರ್. ಪುರಂವರೆಗೆ ಬೈಕ್ ರೈಡ್ ಅಂತ ಗ್ರೂಪ್‌ನಲ್ಲಿ ಹಾಕಿದ್ದೀರಲ್ಲ, ಪೊಲೀಸ್ ಹುತಾತ್ಮರ ದಿನ ಅವತ್ತೇ ಯಾಕೆ, ಗೊತ್ತಾ?

1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಹತ್ತಿರ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಬಲಿಯಾದರು. ಅವರು ಹೊರಟಿದ್ದು ಯುದ್ಧಕ್ಕಲ್ಲ. ಹಿಂದಿನ ದಿನ ಗಸ್ತಿಗೆ ಹೋಗಿ ವಾಪಸ್ ಬಾರದ ಜೊತೆಗಾರರನ್ನ ಹುಡುಕೋಕೆ.

ನಮ್ಮ ರೈಡ್‌ನಲ್ಲೂ ಎಲ್ಲರಿಗಿಂತ ಹಿಂದೆ ಒಬ್ಬ ಸ್ವೀಪ್ ರೈಡರ್ ಇರ್ತಾನೆ, ಯಾರಾದ್ರೂ ನಿಂತ್ರೆ ತಾನೂ ನಿಲ್ಲೋನು. ಬಾವುಟ ನೀವು ಹಿಡೀರಿ, ಆ ಕೆಲಸ ನನಗೆ ಕೊಡಿ.

ಸೈಲೆನ್ಸರ್ ಸದ್ದು ಬೇಡ, ಹೆಲ್ಮೆಟ್ ಬೇಕು. ಟಿನ್ ಫ್ಯಾಕ್ಟರಿ ಹತ್ತಿರ ಧೂಳಲ್ಲಿ ನಿಂತಿರೋ ಟ್ರಾಫಿಕ್ ಪೊಲೀಸರಿಗೆ ನಮ್ಮಿಂದ ಕೆಲಸ ಹೆಚ್ಚಬಾರದು. ಹೊರಟಷ್ಟೂ ಜನ ವಾಪಸ್ ಬರಬೇಕು. ಎಣಿಸೋದು ನಾನು.